ರಜೆ ಹೂವು

ಇವತ್ತು ಬೆಳಿಗ್ಗೆ ಕೆಲಸಕ್ಕೆ ಹೋದಾಗ ನೀವು ಬಾಗಿಲಲ್ಲಿ ಹೆಬ್ಬೆರಳು ಒತ್ತಿದಿರಲ್ಲ, ಆಗ ಪರದೆಯ ಮೇಲೆ ನಿಮ್ಮ ಪಕ್ಕದ ಕುರ್ಚಿಯವರ ಮುಖವೊಂದು ಬಂತಲ್ಲ, ಕಣ್ಣಿನ ಕೆಳಗೆ ಕಪ್ಪಾಗಿ, ಬೆನ್ನು ನೋಯುತ್ತಿದೆ ಅನ್ನುವ ಹಾಗೆ, ಅದನ್ನು ಅಲ್ಲಿಗೆ ತಂದವಳು ನಾನು. ನಿನ್ನೆ ಸಂಜೆ ರಜೆ ಕೇಳೋಣ ಎಂದು ಫೋನು ತೆಗೆದು, ಅದೇ ಮುಖ ಕಂಡು, ಬೇಡ ಬಿಡು ಎಂದು ಫೋನು ಕೆಳಗಿಟ್ಟಿರಲ್ಲ, ಅದಕ್ಕೂ ನಾನೇ ಕಾರಣ. ನಾನೊಬ್ಬಳೇ ಅಲ್ಲ, ನಿಜ. ಆದರೆ ಬೇರೆಯವರ ಪಾಲನ್ನು ಅವರವರು ನೋಡಿಕೊಳ್ಳಲಿ. ನನ್ನ ಪಾಲು ಒಂದು ಪುಟ, ಇಪ್ಪತ್ಮೂರನೆಯ ಪುಟ. ಅದರ ಕತೆಯನ್ನು ಹೇಳಿಬಿಡುತ್ತೇನೆ.

ನನ್ನ ಹೆಸರು ದಾಕ್ಷಾಯಿಣಿ. ಮೈಸೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಹದಿನೇಳು ವರ್ಷದಿಂದ ಇದ್ದೇನೆ. ಜನ ಒಂದು ಸಾಮಾನನ್ನು ಯಾಕೆ ಕೊಳ್ಳುತ್ತಾರೆ, ಯಾಕೆ ಕೊಳ್ಳುವುದಿಲ್ಲ, ಕೆಲಸಗಾರರು ಯಾಕೆ ಉಳಿಯುತ್ತಾರೆ, ಯಾಕೆ ಬಿಟ್ಟು ಹೋಗುತ್ತಾರೆ, ಇದನ್ನು ಕಂಡುಹಿಡಿದು ಕಂಪನಿಗಳಿಗೆ ಹೇಳುವುದು ನಮ್ಮ ಕಸುಬು. ಮೊದಲೆಲ್ಲ ಪ್ರಶ್ನೆಗಳ ಹಾಳೆ ಹಿಡಿದು ಕೇಳುತ್ತಿದ್ದೆವು. ಬಿಸ್ಕತ್ತು ಯಾಕೆ ತಗೊಂಡಿರಿ ಅಂದರೆ ರುಚಿ ಚೆನ್ನಾಗಿದೆ ಅನ್ನುವರು. ಕೆಲಸ ಹೇಗಿದೆ ಅಂದರೆ ಸೂಪರ್‌ವೈಸರ್ ಕಡೆ ಒಮ್ಮೆ ನೋಡಿ ಎಲ್ಲ ಚೆನ್ನಾಗಿದೆ ಅನ್ನುವರು. ಬೇಕೆಂದೇ ಹೇಳುವ ಸುಳ್ಳು ಅಂತಲ್ಲ. ತಾವು ಮಾಡಿದ್ದಕ್ಕೆ ಕಾರಣವೇನೆಂಬುದು ಎಷ್ಟೋ ಸಲ ಮಾಡಿದವರಿಗೇ ಗೊತ್ತಿರುವುದಿಲ್ಲ.

ನಮ್ಮ ಸಂಸ್ಥೆಯ ಇಂಜಿನಿಯರ್ ಅನ್ವರ್ ಪಾಷ ಇದಕ್ಕೊಂದು ದಾರಿ ಹುಡುಕಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ಅವನ ತಲೆಗೆ ಹೊಕ್ಕಿತ್ತು. "ಹೆಗಲು ಮುಟ್ಕೊಳ್ಳೋದು ಎಲ್ಲರ ಕಣ್ಣಿಗೂ ಕಾಣುತ್ತೆ ಮೇಡಂ. ಅದಕ್ಕೂ ಮುಂಚೆ ಬೆರಳ ತುದೀಲಿ ಏನೋ ಆಗಿರುತ್ತಲ್ಲ, ಅದನ್ನ ಹಿಡಿದ್ರೆ ಸಾಕು" ಎನ್ನುತ್ತಿದ್ದ. ಹಾಜರಿ ಯಂತ್ರದ ಹಾಗೇ ಇರುವ ಒಂದು ಪೆಟ್ಟಿಗೆ. ಮೂರು ಸೆಕೆಂಡು ಹೆಬ್ಬೆರಳು ಒತ್ತಬೇಕು. ಅಷ್ಟರಲ್ಲಿ ಪರದೆಯ ಮೇಲೆ ಒಂದು ಚಿತ್ರ ಬಂದು ಹೋಗುತ್ತದೆ. ಆ ಚಿತ್ರಕ್ಕೆ ಬೆರಳಿನ ರಕ್ತ, ಬೆವರು, ನಡುಕ ಹೇಗೆ ಓಗೊಟ್ಟವು ಎಂಬುದನ್ನು ಯಂತ್ರ ಓದುತ್ತದೆ. ಆಸೆಯಾದರೆ ಬೆರಳು ಬಿಸಿಯಾಗುತ್ತದೆ, ಭಯವಾದರೆ ರಕ್ತ ಹಿಂದೆ ಸರಿಯುತ್ತದೆ. ಅಳುಕಿಗೆ ಬೇರೆಯದೇ ನಡೆ ಇದೆ. ತಾನು ಯಾರಿಗೋ ಅನ್ಯಾಯ ಮಾಡುತ್ತಿದ್ದೇನೆ ಎಂದು ಒಳಗೆ ಚುಚ್ಚಿದವರ ಬೆರಳು ಕೂದಲೆಳೆಯಷ್ಟು ಹಿಂಜರಿದು, ಆಮೇಲೆ ಮೊದಲಿಗಿಂತ ಗಟ್ಟಿಯಾಗಿ ಒತ್ತುತ್ತದೆ. ಯಂತ್ರಕ್ಕೆ ಕಂಪನಿಯವರು ಏನೋ ದೊಡ್ಡ ಹೆಸರಿಟ್ಟರು. ನಮ್ಮ ಬಾಯಲ್ಲಿ ಅದು ಕುಂಬಳಕಾಯಿಯೇ ಆಯಿತು.

ಅದನ್ನು ಮೊದಲು ಅಂಗಡಿಗಳಲ್ಲಿ ಇಟ್ಟು ನೋಡಿದೆವು. ಮಕ್ಕಳಿಗೆ ದೊಡ್ಡ ಚಾಕಲೇಟು ಕೊಳ್ಳುವ ಅಪ್ಪಂದಿರನ್ನು ಎಳೆಯುತ್ತಿದ್ದುದು ಪ್ರೀತಿಗಿಂತ ಹೆಚ್ಚಾಗಿ, ಇವತ್ತೂ ತಡವಾಯಿತು ಎಂಬ ಅಳುಕು. ಆ ವರದಿ ಕೊಟ್ಟ ಮೇಲೆ ಚಾಕಲೇಟಿನ ಕಂಪನಿ ಸಂಜೆ ಏಳರ ನಂತರ ಜಾಹೀರಾತು ಬದಲಾಯಿಸಿತು, ನಮಗೆ ಒಳ್ಳೆಯ ಹೆಸರು ಬಂತು. ನನಗೆ ಆಗ ಒಂದಿಷ್ಟೂ ಕಸಿವಿಸಿಯಾಗಲಿಲ್ಲ. ಚಾಕಲೇಟು ತಾನೇ ಅಂದುಕೊಂಡೆ.

ಆಮೇಲೆ ಬಂದದ್ದು ಗಾರ್ಮೆಂಟ್ಸ್ ಕಾರ್ಖಾನೆಯ ಕೆಲಸ. ಮದ್ದೂರಿನ ಆಚೆ, ಹೆದ್ದಾರಿಯ ಪಕ್ಕದಲ್ಲಿತ್ತು. ಸುತ್ತಲಿನ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಸಾವಿರದ ನೂರು ಹೆಂಗಸರು ಅಲ್ಲಿ ಹೊರದೇಶದವರಿಗೆ ಅಂಗಿ ಹೊಲಿಯುತ್ತಿದ್ದರು. ಮ್ಯಾನೇಜರ್ ಪೊನ್ನಪ್ಪ ಕೊಡಗಿನವರು, ಮೃದು ಮಾತಿನ ಮನುಷ್ಯ. ಕೆಟ್ಟವರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

"ದಿನಾ ನೂರಕ್ಕೆ ಹದಿಮೂರು ಜನ ಬರೋದಿಲ್ಲ ಮೇಡಂ" ಎಂದರು. "ಹಾಜರಿ ಬೋನಸ್ ಕೊಟ್ಟು ನೋಡಿದ್ವಿ, ಬೈದು ನೋಡಿದ್ವಿ. ಬರೋರು ಯಾಕೆ ಬರ್ತಾರೆ ಅಂತ ಹುಡುಕಿ ಕೊಡಿ. ಬಾರದೆ ಇರೋರನ್ನ ಬರೋ ಹಾಗೆ ಮಾಡೋದು ನಮಗೆ ಬಿಡಿ."

ಗೇಟಿನಲ್ಲಿ ಹಾಜರಿ ಯಂತ್ರದ ಜಾಗಕ್ಕೆ ಕುಂಬಳಕಾಯಿ ಬಂತು. ಎಲ್ಲರಿಂದಲೂ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಂಡೆವು. ನಿಮ್ಮ ಹೆಸರು ಗುಟ್ಟಾಗಿರುತ್ತದೆ ಎಂದು ಅದರಲ್ಲಿ ದಪ್ಪ ಅಕ್ಷರದಲ್ಲಿತ್ತು. ಪ್ರತಿಯೊಬ್ಬರಿಗೂ ಒಂದು ನಂಬರು ಕೊಟ್ಟು, ಯಾವ ನಂಬರು ಯಾರದು ಎಂಬ ಪಟ್ಟಿಯನ್ನು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಹೆಂಗಸರು ಅದಕ್ಕೆ ಕಣಿ ಮಿಷಿನ್ನು ಎಂದು ಹೆಸರಿಟ್ಟರು. ಹೆಬ್ಬೆರಳು ಒತ್ತಿ, "ನಮ್ಮನೆಯವ್ನು ಕುಡಿಯೋದ ಯಾವಾಗ ಬುಟ್ಟಾನು, ಯೋಳವ್ವ" ಎಂದು ಅದನ್ನೇ ಕೇಳಿ ನಗುತ್ತಿದ್ದರು.

ಊಟದ ಹೊತ್ತಿನಲ್ಲಿ ನಾನು ನಾಲ್ಕನೇ ಲೈನಿನವರ ಜೊತೆ ಕೂರುತ್ತಿದ್ದೆ. ಚಿಕ್ಕತಾಯಮ್ಮನ ಪರಿಚಯವಾದದ್ದು ಅಲ್ಲಿಯೇ. ಮೂವತ್ತೆಂಟರ ಹೆಂಗಸು, ಕಾಲರ್ ಹೊಲಿಯುವುದರಲ್ಲಿ ಎತ್ತಿದ ಕೈ. ಸೊಂಟ ದಾಟುವ ಕೂದಲು ಮಿಷಿನ್ನಿಗೆ ಸಿಗದಂತೆ ದಪ್ಪ ತುರುಬು ಕಟ್ಟಿ, ಎಲ್ಲರೂ ಅದನ್ನು ರೇಗಿಸಿದರೆ ಹಿಗ್ಗುತ್ತಿದ್ದಳು. ಅವಳ ಪಕ್ಕದ ಮಿಷಿನ್ನು ಮಹದೇವಿಯದು. ವಯಸ್ಸಿನಲ್ಲಿ ಹಿರಿಯಳು, ಗಂಡ ತೀರಿಕೊಂಡು ಆರು ವರ್ಷವಾಗಿತ್ತು, ಸದಾ ಸೊಂಟ ನೋವು.

ಒಂದು ಬೆಳಿಗ್ಗೆ ಚಿಕ್ಕತಾಯಮ್ಮ ಊಟದ ಬ್ಯಾಗಿನಿಂದ ಬಾಳೆಲೆಯ ಪೊಟ್ಟಣ ತೆಗೆದು ಮಹದೇವಿಯ ಕೈಗಿಟ್ಟಳು. ಒಳಗೆ ಒಂದು ಮೊಳ ಕಾಕಡ ಹೂವು. ಮಹದೇವಿ ಮಾತಿಲ್ಲದೆ ಅದನ್ನು ಮುಡಿದುಕೊಂಡು ಮಿಷಿನ್ನಿಗೆ ಬಗ್ಗಿದಳು. ಊಟಕ್ಕೆ ಕೂತಾಗ ಏನದು ಎಂದು ಕೇಳಿದೆ.

"ರಜೆ ಹೂವು ಮೇಡಮ್ಮೋರೆ" ಎಂದಳು ಚಿಕ್ಕತಾಯಮ್ಮ. "ನೆನ್ನೆ ನಾನು ಬರ್ನಿಲ್ವಲ್ಲ. ನನ್ನ ಪಾಲಿನ ನೂರ ನಲ್ವತ್ತು ಕಾಲರ್ನೂ ಇವ್ಳೇ ಒಲ್ದವ್ಳೆ. ನೀರ್ ಕುಡಿಯಾಕೂ ಎದ್ದಿಲ್ಲ. ಬರಿಗೈಲಿ ಬಂದು ಪಕ್ಕದಲ್ಲಿ ಕೂತ್ಕಳಾಕಾಯ್ತದಾ? ಒಂದ್ ದಿನಕ್ಕೆ ಒಂದ್ ಮೊಳ."

"ಅವರು ತಗೊಳ್ಳದೆ ಇದ್ದರೆ?"

"ತಗಂಡು ಮಿಷಿನ್ ಮ್ಯಾಲೆ ಮಡಗುದ್ರೆ ಇನ್ನೂ ಸಿಟ್ಟದೆ ಅಂತ. ಮುಡ್ಕಂಡ್ರೆ ಮುಗೀತು. ಆಮ್ಯಾಕೆ ಆ ರಜೆ ಮಾತ ಯಾರೂ ಎತ್ತಂಗಿಲ್ಲ."

ನನ್ನ ಕಣ್ಣು ಮಹದೇವಿಯ ಬರಿದಾದ ಹಣೆಯ ಮೇಲೆ ಹೋಗಿ ಹೂವಿಗೆ ಬಂದದ್ದು ಅವಳಿಗೆ ತಿಳಿಯಿತು. "ಊರಲ್ಲಿ ಮುಡಿಯಾಕಿಲ್ಲ ಕಣ್ರವ್ವ" ಎಂದಳು. "ಇಲ್ಲಿ ಮುಡೀತೀನಿ. ಇದು ಮುತ್ತೈದೆ ಹೂವಲ್ಲ, ರಜೆ ಹೂವು." ಸಂಜೆ ಬಸ್ಸು ಹತ್ತುವ ಮೊದಲು ಅದನ್ನು ತೆಗೆದು ಗೇಟಿನ ಪಕ್ಕದ ತಂತಿ ಬೇಲಿಗೆ ಸಿಕ್ಕಿಸಿ ಹೋಗುತ್ತಿದ್ದಳು. ಆ ಬೇಲಿಯ ಮೇಲೆ ಯಾವಾಗಲೂ ಎರಡು ಮೂರು ಬಾಡಿದ ಮೊಳಗಳು ಇರುತ್ತಿದ್ದವು.

ನನಗೆ ಅವರ ಮೇಲೆ ಅಕ್ಕರೆ ಬಂದದ್ದು ಸುಳ್ಳಲ್ಲ. ಆದರೆ ಮಾರನೆಯ ದಿನ ನಾನು ಮಾಡಿದ ಕೆಲಸವೂ ಸುಳ್ಳಲ್ಲ. ಗೇಟಿನ ಪರದೆಗೆ ನಾವು ಆಯ್ದುಕೊಂಡಿದ್ದ ಹದಿಮೂರು ಚಿತ್ರಗಳಿಗೆ ಹದಿನಾಲ್ಕನೆಯದೊಂದನ್ನು ಸೇರಿಸಿದೆ. ಪಕ್ಕದ ಮಿಷಿನ್ನಿನವಳು, ಅವಳ ಮುಂದೆ ಎರಡರಷ್ಟು ಬಟ್ಟೆಯ ರಾಶಿ.

ನಾಲ್ಕು ತಿಂಗಳು ಹೆಬ್ಬೆರಳುಗಳನ್ನು ಓದಿದೆವು. ಬೋನಸ್ಸಿನ ಚಿತ್ರಕ್ಕೆ ಬೆರಳುಗಳು ಹೆಚ್ಚೇನೂ ಮಿಸುಕಲಿಲ್ಲ. ಸೂಪರ್‌ವೈಸರ್ ಮುಖಕ್ಕೆ ಹೆದರಿದವರೇ ಹೆಚ್ಚು ರಜೆ ಹಾಕುತ್ತಿದ್ದರು. ಹದಿನಾಲ್ಕನೆಯ ಚಿತ್ರಕ್ಕೆ ಮಾತ್ರ ಸಾವಿರದ ನೂರು ಬೆರಳುಗಳೂ ಹಿಂಜರಿದು, ಆಮೇಲೆ ಗಟ್ಟಿಯಾಗಿ ಒತ್ತಿದವು. ಆ ಹೆಂಗಸರನ್ನು ದಿನಾ ಬೆಳಿಗ್ಗೆ ಆರಕ್ಕೆ ಎಬ್ಬಿಸಿ ಬಸ್ಸು ಹತ್ತಿಸುತ್ತಿದ್ದದ್ದು ಪಕ್ಕದವಳ ಸೊಂಟನೋವು. ಲ್ಯಾಬಿನಲ್ಲಿ ಆ ಗ್ರಾಫು ಪರದೆಗೆ ಬಂದಾಗ ಅನ್ವರ್ ಕುರ್ಚಿಯಿಂದ ಎದ್ದೇ ನಿಂತ. ಜನರ ಮನಸ್ಸು ಇಷ್ಟು ಸ್ಪಷ್ಟವಾಗಿ ಮಾತಾಡಿದ್ದನ್ನು ಹದಿನೇಳು ವರ್ಷದಲ್ಲಿ ನಾನೂ ಕಂಡಿರಲಿಲ್ಲ.

ಇನ್ನು ಇಪ್ಪತ್ಮೂರನೆಯ ಪುಟ. ಯಂತ್ರ ಸರಿಯಾಗಿ ಓದುತ್ತಿದೆಯೇ ಎಂದು ಪರೀಕ್ಷಿಸಲು ಅನ್ವರ್ ಇನ್ನೊಂದು ಕುಂಬಳಕಾಯಿಯನ್ನು ಕಾರ್ಖಾನೆಯ ಒಳಗೆ, ಕುಡಿಯುವ ನೀರಿನ ಹತ್ತಿರ ಮೂರು ವಾರ ಇಟ್ಟಿದ್ದ. ಗೇಟಿನದು ಬೆಳಗಿನ ಬೆರಳನ್ನು ಓದುತ್ತಿತ್ತು. ಒಳಗಿನದು ಹೂವು ಕೊಟ್ಟಾದ ಮೇಲಿನ ಬೆರಳನ್ನು ಓದಿತು. ರಜೆ ಹಾಕಿ ಬಂದು, ಹೂವು ಕೊಟ್ಟು, ಪಕ್ಕದವಳು ಅದನ್ನು ಮುಡಿದದ್ದನ್ನು ಕಂಡವರ ಬೆರಳು ಅದೇ ಚಿತ್ರಕ್ಕೆ ಅಲುಗಲೇ ಇಲ್ಲ. ಅಳುಕು ಪೂರ್ತಿ ಇಳಿದುಹೋಗಿತ್ತು. ಹಳೆಯ ಹಾಜರಿ ಪುಸ್ತಕ ತೆಗೆಸಿ ನೋಡಿದರೆ ಇನ್ನೊಂದು ವಿಷಯ ಸಿಕ್ಕಿತು. ಹೀಗೆ ರಜೆ ಹಾಕಿ ಹೂವು ಕೊಟ್ಟುಕೊಂಡು ಇದ್ದವರೇ ಹತ್ತಾರು ವರ್ಷ ಉಳಿದಿದ್ದರು, ರಜೆಯನ್ನೇ ಹಾಕದವರು ಒಂದು ದಿನ ಇದ್ದಕ್ಕಿದ್ದಂತೆ ಬಿಟ್ಟು ಹೋಗಿದ್ದರು. ಅಳುಕು ಇವರನ್ನು ಕರೆತರುತ್ತದೆ, ಆದರೆ ಅದು ಇಳಿಯುವ ದಾರಿ ಇರುವುದರಿಂದ ಇವರು ಉಳಿದಿದ್ದಾರೆ, ದಾರಿ ಮುಚ್ಚಿ ಅಳುಕನ್ನು ಮಾತ್ರ ಬಳಸಿದರೆ ಅಪಾಯ ಎಂದು ಬರೆದೆ. ಅದು ಇಪ್ಪತ್ಮೂರನೆಯ ಪುಟ.

ವರದಿ ಒಪ್ಪಿಸುವ ಹಿಂದಿನ ದಿನ ಆ ಪುಟವನ್ನು ನಾನೇ ತೆಗೆದೆ. ಪೊನ್ನಪ್ಪ ತೆಗೆಯಿರಿ ಅನ್ನಲಿಲ್ಲ, ಅವರು ಅದನ್ನು ನೋಡಿಯೇ ಇರಲಿಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ, ಅದಕ್ಕೆ ಉತ್ತರ ಇಪ್ಪತ್ತೆರಡರ ತನಕ ಇದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಏನೆಂದರೆ, ಕೋಟು ಹಾಕಿ ಕೂತ ಹತ್ತು ಜನರೆದುರು ನಿಂತು ಹೂವಿನ ವಿಷಯ ಮಾತಾಡಲು ನಾಚಿಕೆಯಾಯಿತು. ಆ ವರ್ಷ ಸಂಸ್ಥೆಯ ನಿರ್ದೇಶಕರ ಜಾಗ ಖಾಲಿಯಾಗುವುದಿತ್ತು, ಅದೂ ತಲೆಯಲ್ಲಿತ್ತು.

"ಮೇಡಂ, ಇಪ್ಪತ್ತೆರಡಾದ ಮೇಲೆ ಇಪ್ಪತ್ನಾಲ್ಕು ಬಂದಿದೆ" ಎಂದ ಅನ್ವರ್.

"ನಂಬರ್ ಸರಿ ಮಾಡು" ಎಂದೆ.

ಅವನು ನನ್ನ ಮುಖವನ್ನೊಮ್ಮೆ ನೋಡಿ ಸರಿ ಮಾಡಿದ.

ಅದೇ ವಾರ ಚಿಕ್ಕತಾಯಮ್ಮನನ್ನು ಕೊನೆಯ ಸಲ ಮಾತಾಡಿಸಿದ್ದೆ. ಯುಗಾದಿ ಕಳೆದ ಮೇಲಿನ ಮಂಗಳವಾರ ರಜೆ ಎಂದಳು. ಎದೆಯಲ್ಲಿ ಒಂದು ಗಂಟು, ನೋವೇನೂ ಇಲ್ಲವಂತೆ. ಮೈಸೂರಿನ ಆಸ್ಪತ್ರೆಯಲ್ಲಿ ಅದಕ್ಕೆ ಮಂಗಳವಾರ ಮಾತ್ರ ನೋಡುತ್ತಾರಂತೆ. "ಮಹದೇವಿಗೆ ಆಗ್ಲೇ ಯೋಳಿವ್ನಿ, ಹೂ ತತ್ತೀನಿ ಕಣಮ್ಮಿ ಅಂತ" ಎಂದಳು. ರಜೆಯ ಮುನ್ನ ಪಕ್ಕದವಳಿಗೆ ತಿಳಿಸುವ ಪದ್ಧತಿ ಇದೆ, ಒಂದು ಉದಾಹರಣೆ, ಎಂದು ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಗಂಟಿನ ಬಗ್ಗೆ ಒಂದು ಮಾತನ್ನೂ ಹೆಚ್ಚು ಕೇಳಲಿಲ್ಲ.

ಯುಗಾದಿಯ ಮರು ಸೋಮವಾರ ಹೊಸ ಪರದೆ ಬಂತು. ಗೇಟಿನಲ್ಲಿ ಪ್ರತಿಯೊಬ್ಬಳಿಗೂ ಅವಳ ಪಕ್ಕದವಳ ನಿಜವಾದ ಮುಖ, ಕೆಳಗೆ ಒಂದು ಸಾಲು: ನೀವು ಬಾರದಿದ್ದರೆ ನಿಮ್ಮ ಪಾಲನ್ನು ಇವರು ಹೊಲಿಯುತ್ತಾರೆ. ರಜೆ ಕೇಳಿದವರ ಫೋನಿಗೆ ಸಂಜೆ ಅದೇ ಮುಖ. ಕೆಲಸದ ಜಾಗದ ಕ್ಯಾಮೆರಾ ದಿನವಿಡೀ ತೆಗೆದ ಚಿತ್ರಗಳಲ್ಲಿ ಅತಿ ಹೆಚ್ಚು ದಣಿದ ಮುಖವನ್ನೇ ಆರಿಸಿಕೊಳ್ಳುವಂತೆ ಕಂಪ್ಯೂಟರಿಗೆ ಹೇಳಿಕೊಟ್ಟಿದ್ದೆವು. ಎರಡೇ ತಿಂಗಳಲ್ಲಿ ಬಾರದವರು ನೂರಕ್ಕೆ ಹದಿಮೂರರಿಂದ ಎರಡಕ್ಕೆ ಇಳಿದರು. ಒಂದು ರೂಪಾಯಿ ಸಂಬಳ ಏರಿಸದೆ, ಒಬ್ಬರನ್ನೂ ಬೈಯದೆ ಆದ ಕೆಲಸ. ಆಸ್ಪತ್ರೆಗಳು, ಬಸ್ ಡಿಪೋಗಳು, ಶಾಲೆಗಳು ನಮ್ಮ ಬಾಗಿಲಿಗೆ ಬಂದವು. ನಾನು ನಿರ್ದೇಶಕಿಯಾದೆ.

ನನ್ನ ಗಂಡ ಪಂಚಾಕ್ಷರಿ, ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ಮೇಷ್ಟರು. ಆಷಾಢದಲ್ಲಿ ಅವರಿಗೆ ಜ್ವರ ಬಂತು, ನೂರ ಎರಡು. ಬೆಳಿಗ್ಗೆ ನೋಡಿದರೆ ಷರ್ಟಿನ ಗುಂಡಿ ಹಾಕಿಕೊಳ್ಳುತ್ತಾ ನಿಂತಿದ್ದಾರೆ.

"ರೀ, ಎಲ್ಲಿಗೆ ಹೊರಟಿರಿ? ಮಲಗಿ."

"ಮಲಗಿದ್ರೆ ಸಮಾಜದ ಮೇಷ್ಟ್ರು ನನ್ನ ಮೂರು ಪೀರಿಯಡ್ಡೂ ತಗೋಬೇಕು. ಪಾಪ, ಅವರಿಗೆ ಗಂಟಲು ಸರಿಯಿಲ್ಲ" ಎಂದು ಫೋನು ತೋರಿಸಿದರು. ಸಮಾಜದ ಮೇಷ್ಟರು ಕೆಮ್ಮುವ ಹೊತ್ತಿಗೆ ಹಿಡಿದ ಚಿತ್ರ. "ನಿನ್ನ ಯಂತ್ರ ಚೆನ್ನಾಗಿ ಕೆಲಸ ಮಾಡುತ್ತೆ ಕಣೇ ದಾಕ್ಷಿ."

"ಮೊದಲೆಲ್ಲ ನೀವೇ ಅವರಿಗೊಂದು ಫೋನು ಮಾಡಿ ಹೇಳ್ತಿದ್ರಿ."

"ಈಗ ಹೇಗೆ ಹೇಳಲಿ? ಅವರ ಮುಖ ನೋಡಿಯೂ ರಜೆ ಕೇಳಿದ ಅಂತ ಆಗಲ್ವಾ?"

ಅವರು ಜ್ವರದಲ್ಲೇ ಹೋದರು. ಮೂರನೆಯ ದಿನ ಸಮಾಜದ ಮೇಷ್ಟರಿಗೂ ಜ್ವರ ಹತ್ತಿತು, ಅವರೂ ಅದರಲ್ಲೇ ಶಾಲೆಗೆ ಬಂದರು. ಇಬ್ಬರೂ ಸ್ಟಾಫ್ ರೂಮಿನಲ್ಲಿ ಎದುರು ಬದುರು ಕೂತು ಕೆಮ್ಮುತ್ತಿದ್ದರಂತೆ. ಮನೆಯಲ್ಲಿ ಅದನ್ನು ಹೇಳಿಕೊಂಡು ನಕ್ಕೆವು. ನಗುವಾಗ ಆ ಪುಟ ನನ್ನ ನೆನಪಿಗೆ ಬಂತು, ಬಂದದ್ದನ್ನು ಹಿಂದಕ್ಕೆ ತಳ್ಳಿದೆ.

ದಸರೆ ಕಳೆದ ಮೇಲೆ ಬೆಂಗಳೂರಿನ ಒಂದು ಹೋಟೆಲಿನಲ್ಲಿ ದೊಡ್ಡ ಸಭೆ. ಮುನ್ನೂರು ಜನರೆದುರು ನಾನು ಮಾತಾಡಿದೆ. ಒಂದು ಗ್ರಾಫು ತೋರಿಸಿ, "ಇದು ಇನ್ನೂರ ಹನ್ನೆರಡನೆಯ ನಂಬರಿನ ಕೆಲಸಗಾರ್ತಿ. ಪ್ರತಿ ಮಂಗಳವಾರ ಈಕೆಯ ಅಳುಕು ಶಿಖರಕ್ಕೆ ಏರುತ್ತದೆ. ಈಕೆಗೆ ಪ್ರತಿ ಮಂಗಳವಾರ ರಜೆ ಹಾಕುವ ಮನಸ್ಸಾಗುತ್ತದೆ ಎಂದರ್ಥ. ಆದರೂ ಆರು ತಿಂಗಳಲ್ಲಿ ಒಂದು ಮಂಗಳವಾರವೂ ತಪ್ಪಿಸಿಲ್ಲ" ಎಂದೆ. ಚಪ್ಪಾಳೆ ಬಿತ್ತು. ಮಂಗಳವಾರ ಏನಿರಬಹುದು, ಸಂತೆಯೇ ಎಂದು ಯಾರೋ ಕೇಳಿದರು. ಇರಬಹುದು ಎಂದೆ, ಎಲ್ಲರೂ ನಕ್ಕರು. ನಾನೂ ನಕ್ಕೆ.

ಸಂಕ್ರಾಂತಿ ಕಳೆದ ಮೇಲೆ, ವರ್ಷದ ಮರುಪರಿಶೀಲನೆಗೆಂದು ಕಾರ್ಖಾನೆಗೆ ಮತ್ತೆ ಹೋದೆ. ಗೇಟಿನೆದುರು ಹೂವು ಮಾರುತ್ತಿದ್ದ ಹೆಂಗಸು ಇರಲಿಲ್ಲ. ಇಲ್ಲಿ ವ್ಯಾಪಾರವಿಲ್ಲವೆಂದು ಅವಳು ಬಸ್ ಸ್ಟ್ಯಾಂಡಿಗೆ ಹೋಗಿ ಆರು ತಿಂಗಳಾಯಿತು ಎಂದ ವಾಚ್‌ಮನ್. ತಂತಿ ಬೇಲಿ ಬರಿದಾಗಿತ್ತು. ಒಳಗೆ ನಾಲ್ಕನೇ ಲೈನಿನಲ್ಲಿ ಚಿಕ್ಕತಾಯಮ್ಮನ ಜಾಗದಲ್ಲಿ ಯಾರೂ ಇರಲಿಲ್ಲ. ಅವಳ ಬಂಡಲುಗಳು ಮಹದೇವಿಯ ಮುಂದೆ ಇದ್ದವು.

ಮಹದೇವಿ ತಲೆ ಎತ್ತದೆ ಮಾತಾಡಿದಳು. "ಆಸ್ಪತ್ರೇಲವ್ಳೆ. ಕಾರ್ತೀಕದಲ್ಲಿ ಮಿಷಿನ್ ಮ್ಯಾಲೇ ಬಿದ್ದೋದ್ಲು. ಗಂಟು ದೊಡ್ದಾಗ್ಬುಟ್ಟದೆ, ಕಂಕುಳಿಗೂ ಅತ್ಕಂಡದೆ ಅಂದ್ರು ಡಾಕ್ಟ್ರು. ಮೊದ್ಲೇ ಬಂದಿದ್ರೆ ಸಲೀಸಾಗಿ ತೆಗೀತಿದ್ವಿ ಅಂದ್ರಂತೆ."

"ಮಂಗಳವಾರ ಹೋಗ್ತೀನಿ ಅಂದಿದ್ದರಲ್ಲ?" ಎಂದೆ.

"ನಾನೇ ಯೋಳ್ದೆ, ಹೋಗಮ್ಮಿ, ಹೂ ತಂದ್ರಾಯ್ತು ಅಂತ. ವಾರ ವಾರ ಯೋಳ್ದೆ. ಅದ್ಕವಳು ಏನಂದ್ಲು ಗೊತ್ತಾ? ನೀನು ಹೋಗು ಅಂತೀಯ, ಆ ಪರದೇಲಿರೋ ನಿನ್ನ ಮೊಖ ಬ್ಯಾಡ ಅಂತದಲ್ಲ ಅಕ್ಕ, ಯಾವ್ದುನ್ನ ನಂಬ್ಲಿ ಅಂದ್ಲು." ಮಹದೇವಿ ದಾರ ಕಡಿದಳು. "ನನ್ನ ಮೊಖನೇ ಅವ್ಳಿಗೆ ಅಡ್ಡ ನಿಂತ್ಕತು. ನಾನ್ ಯಾವತ್ತು ಅವ್ಳ ನೋಡಿ ಅಂಗ್ ಮೊಖ ಮಾಡಿದ್ನವ್ವ?"

ಮಾಡಿರಲಿಲ್ಲ. ಯಾವುದೋ ಮಧ್ಯಾಹ್ನ ಸೊಂಟ ಹಿಡಿದಾಗ, ಅವಳಿಗೆ ಗೊತ್ತಿಲ್ಲದ ಹಾಗೆ ಹಿಡಿದಿಟ್ಟ ಚಿತ್ರ ಅದು.

ಭಾನುವಾರ ಮಧ್ಯಾಹ್ನ ಆಫೀಸಿನ ಬೀರುವಿನಿಂದ ಆ ಪಟ್ಟಿಯನ್ನು ಮನೆಗೆ ತಂದೆ. ಪಂಚಾಕ್ಷರಿ ನೆನೆಸಿದ ಅವರೆಕಾಳು ಮುಂದಿಟ್ಟುಕೊಂಡು ಹಿತುಕುತ್ತಿದ್ದರು. ಇನ್ನೂರ ಹನ್ನೆರಡರ ಎದುರು ಯಾರ ಹೆಸರಿರುತ್ತದೆ ಎಂದು ಪಟ್ಟಿ ಬಿಡಿಸುವ ಮೊದಲೇ ನನಗೆ ಗೊತ್ತಿತ್ತು. ಆದರೂ ಬಿಡಿಸಿದೆ. ಚಿಕ್ಕತಾಯಮ್ಮ, ಕೋಂ ಜವರಯ್ಯ, ನಾಲ್ಕನೇ ಲೈನು. ಯಂತ್ರದ ದಾಖಲೆಯಲ್ಲಿ ಇಪ್ಪತ್ತೊಂಬತ್ತು ಮಂಗಳವಾರಗಳು. ಪ್ರತಿಯೊಂದರಲ್ಲೂ ಬೆಳಿಗ್ಗೆ ಎಂಟಕ್ಕೆ ಅವಳ ಹೆಬ್ಬೆರಳು ಹಿಂಜರಿದು, ಆಮೇಲೆ ಒತ್ತಿತ್ತು. ವಾರದಿಂದ ವಾರಕ್ಕೆ ಹೆಚ್ಚು ಗಟ್ಟಿಯಾಗಿ ಒತ್ತಿತ್ತು. ಒಂದು ಹೆಂಗಸು ತನ್ನ ಜೀವವನ್ನು ಬದಿಗೊತ್ತಿ ಒಳಗೆ ಹೋದದ್ದನ್ನು ನನ್ನ ಯಂತ್ರ ಇಪ್ಪತ್ತೊಂಬತ್ತು ಸಲ ಬರೆದುಕೊಂಡಿತ್ತು, ಅದನ್ನು ನಾನು ಚಪ್ಪಾಳೆಗೆ ತೋರಿಸಿದ್ದೆ.

ಪಂಚಾಕ್ಷರಿಗೆ ಎಲ್ಲವನ್ನೂ ಹೇಳಿದೆ, ಪುಟದ ವಿಷಯವನ್ನೂ. ಅವರು ಅವರೆಕಾಳನ್ನು ಪಕ್ಕಕ್ಕೆ ಸರಿಸಿದರು.

"ನಾನು ಹೀಗಾಗಲಿ ಅಂತ ಮಾಡಲಿಲ್ಲ" ಎಂದೆ.

"ಹೀಗಾಗಬಹುದು ಅಂತ ಬರೆದಿದ್ದೆಯಲ್ಲ" ಎಂದರು. ಬೈಯುವ ದನಿಯಲ್ಲ, ಪಾಠ ತಿದ್ದುವ ದನಿ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಮಂಗಳವಾರ ರಜೆ ಹಾಕಿದೆ. ನನ್ನ ಫೋನಿನಲ್ಲಿ ಅನ್ವರನ ದಣಿದ ಮುಖ ಬಂತು. ಅವನಿಗೆ ಫೋನು ಮಾಡಿ ಹೇಳಿದೆ. "ಹೋಗಿ ಬನ್ನಿ ಮೇಡಂ" ಎಂದ. ಮಾರುಕಟ್ಟೆಯಲ್ಲಿ ಇಪ್ಪತ್ತೊಂಬತ್ತು ಮೊಳ ಕಾಕಡ ಕೇಳಿದಾಗ ಹೂವಿನವಳು "ಮದ್ವೆನಾ ಅಕ್ಕ?" ಎಂದಳು. ಅಲ್ಲ ಎಂದೆ. ದುಡ್ಡು ಎಣಿಸಿ ಕೊಟ್ಟು ಆಸ್ಪತ್ರೆಗೆ ಹೊರಟೆ.

ಚಿಕ್ಕತಾಯಮ್ಮ ವಾರ್ಡಿನ ಕಿಟಕಿಯ ಪಕ್ಕದ ಮಂಚದಲ್ಲಿದ್ದಳು. ತಲೆಗೆ ಹಳೆಯ ಸೀರೆಯ ತುಂಡೊಂದನ್ನು ಸುತ್ತಿಕೊಂಡಿದ್ದಳು. ಮುಖ ಚಿಕ್ಕದಾಗಿತ್ತು, ನಗು ಮಾತ್ರ ಹಾಗೇ ಇತ್ತು. ಗಂಡ ಜವರಯ್ಯ ಆಲೆಮನೆಯ ಕೆಲಸ ಬಿಟ್ಟು ಬಂದು ಪಕ್ಕದಲ್ಲಿ ಕೂತಿದ್ದವನು ನನ್ನನ್ನು ಕಂಡು ಎದ್ದು ಸ್ಟೂಲು ಕೊಟ್ಟು ಕಾಫಿ ತರಲು ಹೋದ.

"ಮೇಡಮ್ಮೋರು ಇಷ್ಟ್ ದೂರ ಬಂದವ್ರೆ" ಎಂದಳು. ಚೀಲ ನೋಡಿದಳು. "ಇದೇನು, ತೇರಿಗೆ ತಂದಂಗ್ ತಂದಿದೀರಿ?"

"ರಜೆ ಹೂವು" ಎಂದೆ. "ನನ್ನ ಭಾರ ನೀವು ಹೊತ್ತಿರಿ. ಇಪ್ಪತ್ತೊಂಬತ್ತು ಮಂಗಳವಾರ."

ಎಲ್ಲವನ್ನೂ ಹೇಳಿದೆ. ಹದಿನಾಲ್ಕನೆಯ ಚಿತ್ರ, ದಣಿದ ಮುಖವನ್ನು ಆರಿಸಿದ್ದು, ಪುಟ ತೆಗೆದದ್ದು, ಹೋಟೆಲಿನಲ್ಲಿ ನಕ್ಕದ್ದು. ಹೇಳುವಾಗ ಅವಳ ಮುಖ ನೋಡಲಾಗಲಿಲ್ಲ, ಕೈ ನೋಡುತ್ತಿದ್ದೆ. ಬಲಗೈ ಹೆಬ್ಬೆರಳು ಹಾಸಿಗೆಯ ಅಂಚನ್ನು ಒತ್ತಿ ಹಿಡಿದಿತ್ತು. ಅವಳು ಕೂಗಾಡಬಹುದು, ಹೊರಗೆ ಹೋಗಿ ಅನ್ನಬಹುದು ಎಂದುಕೊಂಡಿದ್ದೆ. ಹಾಗಾಗಲಿ ಎಂದು ಬಯಸಿಯೂ ಇದ್ದೆ.

"ಹೂವಿನ ವಿಷ್ಯ ನಿಮ್ಗೆ ನಂಬಿ ಯೋಳಿದ್ದೆ ಕಣಕ್ಕ" ಎಂದಳು. ಅಷ್ಟೇ. ಮೊದಲ ಸಲ ನನ್ನನ್ನು ಅಕ್ಕ ಎಂದದ್ದು.

ಆಮೇಲೆ ಚೀಲಕ್ಕೆ ಕೈ ಹಾಕಿ ಹೂವಿನ ಒಂದು ಎಳೆ ತೆಗೆದು ಮೂಸಿದಳು. "ಎರಡ್ ತಿಂಗ್ಳಾಯ್ತು ನಾನು ರಜೆ ಮ್ಯಾಲೆ. ನನ್ ಕಾಲರೆಲ್ಲ ಮಹದೇವಿನೇ ಒಲೀತಾವ್ಳೆ. ಆ ಸೊಂಟ ಇಟ್ಕಂಡು. ಅದೇ ಇಲ್ಲಿ ಬಿದ್ಕಂಡಿದ್ರೂ ಚುಚ್ತದೆ. ಇದೆಲ್ಲ ಅವ್ಳಿಗೆ ಕೊಟ್ಬುಡಿ, ನನ್ ಎಸ್ರಲ್ಲಿ. ಚಿಕ್ಕತಾಯಿ ಕಳ್ಸವ್ಳೆ ಅನ್ನಿ. ನೀವ್ ನಿಂತ್ಕಂಡು ನೋಡ್ಕ ಬನ್ನಿ, ಮುಡ್ಕಂಡ್ಳಾ ಇಲ್ವಾ ಅಂತ."

"ಕೊಡ್ತೀನಿ. ಇದು ನಿಮ್ಮದಾಯ್ತು. ನನ್ನದು?"

ಅವಳು ತಲೆಗೆ ಸುತ್ತಿದ್ದ ಬಟ್ಟೆಯನ್ನು ನಿಧಾನವಾಗಿ ಬಿಚ್ಚಿದಳು. ಔಷಧಿ ಒಂದು ಎಳೆಯನ್ನೂ ಬಿಟ್ಟಿರಲಿಲ್ಲ.

"ಮುಡ್ಕಂಡ್ರೆ ತಾನೇ ಮುಗಿಯೋದು" ಎಂದಳು. "ಎಲ್ಲಿಗೆ ಮುಡೀಲಿ? ಕೂದ್ಲು ಬರ್ಲಿ. ಆವಾಗ ತಕ್ಕಂಡು ಬನ್ನಿ."

ಅದೇ ಸಂಜೆ ಕಾರ್ಖಾನೆಗೆ ಹೋದೆ. ಮಹದೇವಿ ಒಂದು ಮೊಳ ಮುಡಿದುಕೊಂಡು ಉಳಿದದ್ದನ್ನು ಇಡೀ ಲೈನಿಗೆ ಹಂಚಿದಳು. ಬಸ್ಸು ಬಂತು. ಎಲ್ಲರೂ ಹತ್ತಿದರು. ಅವಳು ತಂತಿ ಬೇಲಿಯ ಹತ್ತಿರ ಒಂದು ಗಳಿಗೆ ನಿಂತು, ತಲೆಗೆ ಕೈ ಹಾಕಿ, ಆಮೇಲೆ ಕೈ ಇಳಿಸಿ, ಹೂವು ಮುಡಿದುಕೊಂಡೇ ಊರಿಗೆ ಹೋದಳು.

ಇಪ್ಪತ್ಮೂರನೆಯ ಪುಟವನ್ನು ಈಗ ಎಲ್ಲರಿಗೂ ಕಳಿಸಿದ್ದೇನೆ, ಯಂತ್ರ ಕೊಂಡ ನಾನೂರು ಕಡೆಗೂ. ನಿರ್ದೇಶಕಿಯ ಕುರ್ಚಿ ಬಿಟ್ಟು ಹಳೆಯ ಮೇಜಿಗೆ ಬಂದಿದ್ದೇನೆ. ಕುರ್ಚಿ ಬಿಟ್ಟರೆ ಮನಸ್ಸು ಹಗುರಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ಪೊನ್ನಪ್ಪ ಮಾತ್ರ ತಮ್ಮ ಗೇಟಿನ ಪರದೆ ತೆಗೆಸಿದರು. ಬೇರೆ ಹೆಚ್ಚಿನ ಕಡೆಗಳಿಂದ ಉತ್ತರವೇ ಬಂದಿಲ್ಲ. ಒಂದು ಕಂಪನಿ ಪುಟವನ್ನು ಬಹಳ ಮೆಚ್ಚಿ, ದಣಿದ ಮುಖದ ಪಕ್ಕದಲ್ಲಿ ಒಂದು ಹೂವಿನ ಚಿತ್ರವನ್ನೂ ಹಾಕಿಕೊಂಡಿದೆ. ನಿಮ್ಮ ಪರದೆಯಲ್ಲೂ ಬಂದಿರಬಹುದು, ನೋಡಿ.

ಮಂಗಳವಾರಗಳಂದು ನಾನು ರಜೆ. ನನ್ನ ಕೆಲಸವನ್ನು ಅನ್ವರ್ ಮಾಡುತ್ತಾನೆ. ಬುಧವಾರ ಅವನ ಮೇಜಿನ ಮೇಲೆ ಒಂದು ಮೊಳ ಇಡುತ್ತೇನೆ, ಅವನು ಅದನ್ನು ಮನೆಗೆ ಒಯ್ದು ಹೆಂಡತಿಗೆ ಕೊಡುತ್ತಾನೆ. ಚಿಕ್ಕತಾಯಮ್ಮನಿಗೆ ಇನ್ನೂ ಮೂರು ಸಲ ಔಷಧಿ ಏರಿಸಬೇಕಂತೆ, ಆಮೇಲೆ ಹೇಳುತ್ತೇವೆ ಎಂದಿದ್ದಾರೆ ಡಾಕ್ಟರು. ಪ್ರತಿ ಸಲವೂ ಒಂದು ಮೊಳ ಕಾಕಡವನ್ನು ಬಾಳೆಲೆಯಲ್ಲಿ ಸುತ್ತಿ ಬ್ಯಾಗಿನಲ್ಲಿಟ್ಟುಕೊಂಡು ಹೋಗುತ್ತೇನೆ. ಅವಳು ಬಟ್ಟೆ ಸರಿಸಿ ತಲೆ ತೋರಿಸುತ್ತಾಳೆ. ನಾನು ನೋಡಿ, ಪೊಟ್ಟಣವನ್ನು ಬಿಚ್ಚದೆ ವಾಪಸು ತರುತ್ತೇನೆ.

ಹೋದ ಮಂಗಳವಾರವೂ ಹೋಗಿದ್ದೆ. ಕೂದಲು ಇನ್ನೂ ಬಂದಿಲ್ಲ.